ಬೆನ್ನುನೋವಿಗೆ ಮದ್ದು: ಕತ್ತಿಯೋ, ಕೈಯೋ, ಕಾಲವೋ?

ನೀರು ತುಂಬಿದ ಬಕೆಟ್ಟನ್ನು ಎತ್ತಲು ಬಗ್ಗಿದ ಗೃಹಿಣಿ ಬಗ್ಗಿದಂತೆಯೇ ನಿಂತುಬಿಡುತ್ತಾಳೆ. ಕೆಳಗೆ ಬಿದ್ದ ಲೇಖನಿಗೆ ಕೈಚಾಚಿದ ಗುಮಾಸ್ತರು ಕುರ್ಚಿಯಿಂದ ಮೇಲೇಳಲಾರದೆ ಸಹೋದ್ಯೋಗಿಗಳ ಮುಖ ನೋಡುತ್ತಾರೆ. ಹಗಲೆಲ್ಲ ಕಂಪ್ಯೂಟರಿನ ಮುಂದೆ ಕುಳಿತ ತರುಣನಿಗೆ ಬೆಳಗ್ಗೆ ಏಳುವಾಗ ಕತ್ತು ಒಂದು ಮಗ್ಗುಲಿಗೆ ತಿರುಗಲೊಲ್ಲದು. ಬೆನ್ನು ಹಿಡಿದುಕೊಂಡಿತು, ಸೊಂಟ ಉಳುಕಿತು, ಕತ್ತು ಸೆಟೆಯಿತು. ಹೆಸರು ಏನೇ ಇರಲಿ, ಜೀವಮಾನದಲ್ಲಿ ಒಮ್ಮೆಯಾದರೂ ಈ ನೋವನ್ನು ಕಾಣದವರು ವಿರಳ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಜಗತ್ತಿನಾದ್ಯಂತ ಸೊಂಟನೋವಿನಿಂದ ಬಳಲುತ್ತಿದ್ದವರ ಸಂಖ್ಯೆ 61 ಕೋಟಿ 90 ಲಕ್ಷ!

ನೋವು ಕಾಣಿಸಿಕೊಂಡೊಡನೆ ಸಲಹೆಗಳಿಗೇನೂ ಬರವಿಲ್ಲ. ಹಲಗೆಯ ಮೇಲೆ ಅಲುಗಾಡದೆ ಮಲಗಬೇಕೆಂದು ಮನೆಯ ಹಿರಿಯರು ಹೇಳುತ್ತಾರೆ. ಪಕ್ಕದ ಮನೆಯವರು ಎಣ್ಣೆ ಹಚ್ಚಿ ನೀವುವವರ ವಿಳಾಸ ಕೊಡುತ್ತಾರೆ. ಭಾವಮೈದುನರು ಸ್ಕ್ಯಾನ್ ಮಾಡಿಸಿಯೇ ತೀರಬೇಕೆಂದು ಹಟ ಹಿಡಿಯುತ್ತಾರೆ. ಅದರ ವರದಿಯಲ್ಲಿ ‘ಡಿಸ್ಕ್ ಜಾರಿದೆ’ ಎಂದಿದ್ದುದೇ ಆದರೆ, ಆಪರೇಷನ್ನಿನ ಮಾತು ಮನೆಯೊಳಗೆ ಬಂದಂತೆಯೇ ಸರಿ. ಒಂದು ಕಡೆ ಶಸ್ತ್ರದ ಭಯ, ಮತ್ತೊಂದು ಕಡೆ ಖರ್ಚಿನ ಚಿಂತೆ, ಇವೆರಡಕ್ಕೂ ಮಿಗಿಲಾಗಿ ಕಾಲು ಬಿದ್ದುಹೋದೀತೆಂಬ ಆತಂಕ. ಇಂತಹ ಗಳಿಗೆಯಲ್ಲಿ ನಿರ್ಧಾರ ಕೈಗೊಳ್ಳಬೇಕಾದ ಕುಟುಂಬಕ್ಕೆ ಬೇಕಾದುದು ಧೈರ್ಯವಷ್ಟೇ ಅಲ್ಲ, ತಿಳಿವಳಿಕೆ.

ಚಿಕಿತ್ಸೆಯ ದಾರಿಗಳು ಮುಖ್ಯವಾಗಿ ಮೂರು. ಶಸ್ತ್ರವೈದ್ಯರ ಕತ್ತಿ, ಮೂಳೆ ಕೀಲುಗಳನ್ನು ಒತ್ತಿ ತಿರುಗಿಸುವವರ ಕೈ, ವ್ಯಾಯಾಮ, ಔಷಧ, ತಾಳ್ಮೆಗಳೊಡನೆ ಪ್ರಕೃತಿಗೆ ಅವಕಾಶ ಕೊಡುವ ಕಾಲ. ಈ ಮೂರನ್ನೂ ತಕ್ಕಡಿಗೆ ಹಾಕಿ ತೂಗುವ ಕೆಲಸವನ್ನು ವೈದ್ಯವಿಜ್ಞಾನ ಕಳೆದ ಅರ್ಧ ಶತಮಾನದಿಂದ ಮಾಡುತ್ತ ಬಂದಿದೆ.

ಕಂಬವಲ್ಲ, ಸರಪಳಿ

ಬೆನ್ನೆಲುಬೆಂದರೆ ಒಂದೇ ಮೂಳೆಯ ಕಂಬವಲ್ಲ. ಕತ್ತಿನಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5, ಹೀಗೆ ಅಲುಗಾಡಬಲ್ಲ 24 ಮಣಿಗಳು ಒಂದರ ಮೇಲೊಂದು ಕುಳಿತಿರುವ ಸರಪಳಿ ಅದು. ಮಣಿಗಳ ನಡುವೆ ಮೆತ್ತೆಯಂತೆ ಇರುವುದೇ ಡಿಸ್ಕ್, ಎಂದರೆ ಬಿಲ್ಲೆ. ಇಂತಹವು 23. ಬಿಲ್ಲೆಯ ಹೊರಗೆ ಗಟ್ಟಿ ನಾರಿನ ಬಳೆ, ಒಳಗೆ ಮೆದುವಾದ ತಿರುಳು. ಬಳೆ ಬಿರಿದು ತಿರುಳು ಹೊರಗೆ ಉಬ್ಬಿದಾಗ ಪಕ್ಕದಲ್ಲಿ ಹಾದುಹೋಗುವ ನರಕ್ಕೆ ಪೀಡೆಯಾಗಬಹುದು. ಸೊಂಟದಲ್ಲಾದರೆ ಪೃಷ್ಠದಿಂದ ಪಾದದವರೆಗೆ, ಕತ್ತಿನಲ್ಲಾದರೆ ಭುಜದಿಂದ ಬೆರಳಿನವರೆಗೆ ವಿದ್ಯುತ್ತು ಹರಿದಂತೆ ನೋವು ಓಡುತ್ತದೆ. ಕಾಲಿನ ಈ ನೋವನ್ನೇ ವೈದ್ಯರು ಸಯಾಟಿಕಾ ಎನ್ನುತ್ತಾರೆ. ಆಯುರ್ವೇದದಲ್ಲಿ ಇದಕ್ಕೆ ಗೃಧ್ರಸಿ ಎಂಬ ಹೆಸರುಂಟು.

ಆದರೆ ಬೆನ್ನುನೋವುಗಳ ಪೈಕಿ ನರ ಸಿಕ್ಕಿಕೊಂಡು ಬರುವಂತಹವು ಸ್ವಲ್ಪ ಮಾತ್ರ. ಹೆಚ್ಚಿನವುಗಳಲ್ಲಿ ಇಂತಹುದೇ ಜಾಗ ಕೆಟ್ಟಿದೆಯೆಂದು ಬೆರಳಿಟ್ಟು ತೋರಿಸಲು ಸಾಧ್ಯವಾಗದು. ಚಿಕಿತ್ಸೆಯ ಆಯ್ಕೆ ನಿಂತಿರುವುದೇ ಈ ಭೇದದ ಮೇಲೆ.

ಕತ್ತಿಯ ಕಥೆ

1934ರಲ್ಲಿ ಅಮೆರಿಕದ ಬಾಸ್ಟನ್ ನಗರದ ವಿಲಿಯಂ ಮಿಕ್ಸ್ಟರ್ ಮತ್ತು ಜೋಸೆಫ್ ಬಾರ್ ಎಂಬ ಇಬ್ಬರು ಶಸ್ತ್ರವೈದ್ಯರು, ಸಯಾಟಿಕಾಕ್ಕೆ ಬಿರಿದ ಬಿಲ್ಲೆಯೇ ಕಾರಣವಾಗಬಲ್ಲುದೆಂದೂ ಅದನ್ನು ಶಸ್ತ್ರದಿಂದ ತೆಗೆದು ನೋವನ್ನು ನಿವಾರಿಸಬಹುದೆಂದೂ ಪ್ರಕಟಿಸಿದರು. ಅಂದಿನಿಂದ ಬಿಲ್ಲೆಯ ಶಸ್ತ್ರಚಿಕಿತ್ಸೆ ಜಗತ್ತಿನಲ್ಲೆಲ್ಲ ಹಬ್ಬಿತು. ಆದರೆ ಶಸ್ತ್ರಕ್ಕೆ ಒಳಗಾಗದಿದ್ದರೆ ಅದೇ ರೋಗಿಯ ಗತಿ ಏನಾಗುತ್ತಿತ್ತು? ಈ ಪ್ರಶ್ನೆಗೆ ಉತ್ತರ ಸಿಗಲು ದಶಕಗಳೇ ಬೇಕಾದವು.

ನಾರ್ವೆ ದೇಶದ ಹೆನ್ರಿಕ್ ವೆಬರ್ ಎಂಬ ವೈದ್ಯರು, ಶಸ್ತ್ರ ಬೇಕೋ ಬೇಡವೋ ಎಂಬ ಸಂದಿಗ್ಧದಲ್ಲಿದ್ದ 126 ಸಯಾಟಿಕಾ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಸೌಮ್ಯ ಚಿಕಿತ್ಸೆ ಕೊಡಿಸಿ ಹತ್ತು ವರ್ಷ ಹಿಂಬಾಲಿಸಿದರು. 1983ರಲ್ಲಿ ಪ್ರಕಟವಾದ ಫಲಿತಾಂಶ ಕುತೂಹಲಕರವಾದುದು. ಒಂದು ವರ್ಷದ ಕೊನೆಗೆ ಶಸ್ತ್ರದ ಗುಂಪೇ ಸ್ಪಷ್ಟವಾಗಿ ಮುಂದಿತ್ತು. ನಾಲ್ಕು ವರ್ಷಗಳಲ್ಲಿ ಆ ಅಂತರ ಗಣನೀಯವಾಗಿ ಉಳಿಯಲಿಲ್ಲ. ಹತ್ತು ವರ್ಷಗಳಾಗುವ ಹೊತ್ತಿಗೆ ಎರಡು ಗುಂಪುಗಳೂ ಸಮಸಮ!

2007ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು 6ರಿಂದ 12 ವಾರಗಳ ಕಾಲ ತೀವ್ರ ನೋವು ಉಂಡಿದ್ದ 283 ಮಂದಿಯ ಮೇಲೆ ನಡೆಸಿದ ಪರೀಕ್ಷೆಯೂ ಇದೇ ಮಾತನ್ನು ಹೇಳಿತು. ಬೇಗನೆ ಶಸ್ತ್ರ ಮಾಡಿಸಿಕೊಂಡವರು ಬೇಗ ಗುಣ ಕಂಡರು. ಆದರೆ ವರ್ಷ ತುಂಬುವಾಗ ಎರಡು ಗುಂಪುಗಳಲ್ಲಿಯೂ ಶೇಕಡಾ 95ರಷ್ಟು ಜನ ಚೇತರಿಸಿಕೊಂಡಿದ್ದರು. ಕಾದುನೋಡುವವರ ಗುಂಪಿನಲ್ಲಿ ಶೇಕಡಾ 39 ಮಂದಿ ನೋವು ತಾಳಲಾರದೆ ಕೊನೆಗೆ ಶಸ್ತ್ರದ ಮೊರೆಹೊಕ್ಕರೆಂಬುದನ್ನೂ ಇಲ್ಲಿ ಹೇಳಲೇಬೇಕು. ಆದುದರಿಂದ ಶಸ್ತ್ರಚಿಕಿತ್ಸೆ ಕೊಡುವುದು ಮುಖ್ಯವಾಗಿ ವೇಗವನ್ನು. ಕಾಲಿನ ನೋವಿನಿಂದ ರಾತ್ರಿ ನಿದ್ದೆಯಿಲ್ಲದೆ, ಹಗಲು ದುಡಿಮೆಯಿಲ್ಲದೆ ಕೂತವರಿಗೆ ಆ ವೇಗದ ಬೆಲೆ ದೊಡ್ಡದು. ಸಹಿಸಬಲ್ಲವರಿಗೆ ಕಾಯುವುದರಿಂದ ನಷ್ಟವಿಲ್ಲ. ಹೊರಗೆ ಉಬ್ಬಿದ ತಿರುಳನ್ನು ಅನೇಕ ವೇಳೆ ದೇಹವೇ ಕರಗಿಸಿಕೊಳ್ಳುತ್ತದೆ.

ಕಾಲಿಗೆ ಹರಿಯದೆ ಸೊಂಟದಲ್ಲಿಯೇ ನಿಂತ ಹಳೆಯ ನೋವಿನ ವಿಚಾರ ಬೇರೆ. ಇದಕ್ಕಾಗಿ ಮಣಿಗಳನ್ನು ತಿರುಪುಮೊಳೆಗಳಿಂದ ಬೆಸೆಯುವ ದೊಡ್ಡ ಶಸ್ತ್ರಕ್ರಿಯೆಯೊಂದುಂಟು. ಬ್ರಿಟನ್ನಿನಲ್ಲಿ 349 ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಶ್ರದ್ಧೆಯಿಂದ ಕಲಿಸಿದ ವ್ಯಾಯಾಮ ಮತ್ತು ಮನೋಧೈರ್ಯದ ಶಿಕ್ಷಣಕ್ಕಿಂತ ಈ ಬೆಸುಗೆ ಮೇಲೆಂಬುದಕ್ಕೆ ಸ್ಪಷ್ಟವಾದ ಆಧಾರ ದೊರೆಯಲಿಲ್ಲ.

ಚಿತ್ರ ನೋಡಿ ಬೆದರಬೇಡಿ

ಸ್ಕ್ಯಾನಿನ ವರದಿ ಕೈಗೆ ಬಂದಾಗ ಎದೆ ಝಲ್ಲೆನ್ನುವುದು ಸಹಜ. ಆದರೆ 1994ರ ಒಂದು ಸಂಶೋಧನೆಯನ್ನು ನೆನಪಿಡುವುದು ಒಳ್ಳೆಯದು. ಬೆನ್ನುನೋವೇ ಇಲ್ಲದ 98 ಮಂದಿಯನ್ನು ಎಂ.ಆರ್.ಐ. ಯಂತ್ರದಲ್ಲಿ ಮಲಗಿಸಿ ನೋಡಿದಾಗ, ಶೇಕಡಾ 52 ಜನರಲ್ಲಿ ಒಂದಾದರೂ ಬಿಲ್ಲೆ ಉಬ್ಬಿತ್ತು! 2015ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ನೋವಿಲ್ಲದ ಇಪ್ಪತ್ತರ ಹರೆಯದವರಲ್ಲಿ ಶೇಕಡಾ 37, ಎಂಬತ್ತರವರಲ್ಲಿ ಶೇಕಡಾ 96 ಮಂದಿಯ ಬಿಲ್ಲೆಗಳು ಸವೆದಿದ್ದುವು. ತಲೆಗೂದಲು ನರೆಯುವಂತೆ ಬಿಲ್ಲೆಯೂ ಸವೆಯುತ್ತದೆ. ಚಿತ್ರದಲ್ಲಿ ಕಂಡ ದೋಷವೂ ರೋಗಿ ಹೇಳುವ ನೋವೂ ವೈದ್ಯರು ಕೈಯಾರೆ ಪರೀಕ್ಷಿಸಿ ಕಂಡ ಚಿಹ್ನೆಯೂ ಒಂದಕ್ಕೊಂದು ತಾಳೆಯಾದಾಗ ಮಾತ್ರ ಶಸ್ತ್ರದ ಮಾತಿಗೆ ಅರ್ಥವುಂಟು.

ಕೈಯ ಕೌಶಲ

ಉಳುಕು ತೆಗೆಯುವವರು ನಮ್ಮ ಊರುಗಳಲ್ಲಿ ಮೊದಲಿನಿಂದಲೂ ಇದ್ದಾರೆ. ಅಮೆರಿಕದಲ್ಲಿ ಈ ಕಲೆ ಎರಡು ಶಾಸ್ತ್ರಗಳ ರೂಪ ತಾಳಿತು. 1874ರಲ್ಲಿ ಆಂಡ್ರೂ ಟೇಲರ್ ಸ್ಟಿಲ್ ಎಂಬವರು ಆಸ್ಟಿಯೋಪತಿಯನ್ನೂ, 1895ರಲ್ಲಿ ಡೇವನ್‌ಪೋರ್ಟ್ ಎಂಬ ಊರಿನ ಡಿ. ಡಿ. ಪಾಮರ್ ಎಂಬವರು ಕೈರೋಪ್ರಾಕ್ಟಿಕ್ ಪದ್ಧತಿಯನ್ನೂ ಆರಂಭಿಸಿದರು. ಬೆನ್ನಿನ ಮಣಿಯನ್ನು ಒತ್ತಿ ಒಬ್ಬನ ಕಿವುಡನ್ನು ಗುಣಪಡಿಸಿದೆನೆಂಬುದು ಪಾಮರರ ಹೇಳಿಕೆಯಾಗಿತ್ತು. ಆ ಬಗೆಯ ದೊಡ್ಡ ಮಾತುಗಳನ್ನು ವಿಜ್ಞಾನ ಒಪ್ಪಿಲ್ಲ. ಆದರೆ ಬೆನ್ನುನೋವಿನ ಮಟ್ಟಿಗೆ ಹಸ್ತಚಿಕಿತ್ಸೆಯನ್ನು ತಳ್ಳಿಹಾಕಿಯೂ ಇಲ್ಲ.

ಅಮೆರಿಕದ ಸಿಯಾಟಲ್ ನಗರದಲ್ಲಿ 321 ರೋಗಿಗಳ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಹೋಲಿಕೆ ಸ್ವಾರಸ್ಯಕರವಾಗಿದೆ. ಕೆಲವರಿಗೆ ಕೈರೋಪ್ರಾಕ್ಟಿಕ್, ಕೆಲವರಿಗೆ ವ್ಯಾಯಾಮ ಶಿಕ್ಷಣ, ಉಳಿದವರಿಗೆ ತಿಳಿವಳಿಕೆಯ ಒಂದು ಚಿಕ್ಕ ಪುಸ್ತಿಕೆ! ಮೊದಲೆರಡರ ಫಲ ಒಂದೇ ಸಮನಾಗಿತ್ತು. ಪುಸ್ತಿಕೆ ಓದಿದವರಿಗಿಂತ ಅವರ ಗುಣ ಕೂದಲೆಳೆಯಷ್ಟು ಮೇಲು. ಎರಡು ವರ್ಷದ ಖರ್ಚು ಮಾತ್ರ ಮೊದಲ ಗುಂಪಿಗೆ 429 ಡಾಲರು, ಎರಡನೆಯದಕ್ಕೆ 437, ಪುಸ್ತಿಕೆಯವರಿಗೆ 153. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಳೆಯ ಸೊಂಟನೋವಿಗೆ ಕೊಟ್ಟ ಸಲಹೆಗಳಲ್ಲಿ ವ್ಯಾಯಾಮದ ಜೊತೆಗೆ ಹಸ್ತಚಿಕಿತ್ಸೆಗೂ ಅಂಗಮರ್ದನಕ್ಕೂ ಸ್ಥಾನವಿದೆ.

ಆದರೆ ಕತ್ತಿನ ವಿಷಯದಲ್ಲಿ ಎಚ್ಚರ ಬೇಕು. ಮೆದುಳಿಗೆ ರಕ್ತ ಒಯ್ಯುವ ನಾಳಗಳು ಕತ್ತಿನಲ್ಲಿಯೇ ಹಾದುಹೋಗುತ್ತವೆ. ಕತ್ತನ್ನು ಥಟ್ಟನೆ ತಿರುಗಿಸಿದಾಗ ನಾಳದ ಒಳಪದರ ಹರಿದು, ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿದ ಪ್ರಸಂಗಗಳು ಅಪರೂಪವಾದರೂ ಉಂಟು. 2024ರಲ್ಲಿ ಬಳ್ಳಾರಿಯ ಯುವಕನೊಬ್ಬ ಕ್ಷೌರದಂಗಡಿಯಲ್ಲಿ ತಲೆ ಒತ್ತಿಸಿಕೊಂಡು ಕತ್ತು ತಿರುಗಿಸಿಕೊಂಡ ಬಳಿಕ ಹೀಗೆಯೇ ಪಾರ್ಶ್ವವಾಯುವಿಗೆ ತುತ್ತಾದುದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ಕತ್ತಿನ ನೆಟಿಗೆ ತೆಗೆಸಿಕೊಳ್ಳುವ ಆ ಕ್ಷಣದ ಹಿತಕ್ಕಾಗಿ ಇಂತಹ ಅಪಾಯಕ್ಕೆ ಎಡೆಗೊಡುವುದು ಜಾಣತನವಲ್ಲ. ಚಿಕಿತ್ಸೆ ಬೇಕೆನಿಸಿದರೆ ತರಬೇತಿ ಪಡೆದವರಲ್ಲಿಗೇ ಹೋಗಬೇಕು.

ಹಾಸಿಗೆ ಹಿಡಿಯುವುದು ಮದ್ದಲ್ಲ

ಇನ್ನು ಕಾಲದ ಮಾತು. ವಾರಗಟ್ಟಲೆ ಮಲಗಿರುವುದೇ ಚಿಕಿತ್ಸೆಯೆಂದು ವೈದ್ಯರೇ ನಂಬಿದ್ದ ಕಾಲವೊಂದಿತ್ತು. 1986ರಲ್ಲಿ ಅಮೆರಿಕದಲ್ಲಿ 203 ರೋಗಿಗಳಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ವಿಶ್ರಾಂತಿ ಹೇಳಿ ನೋಡಲಾಯಿತು. ನೋವಿನಲ್ಲಿ ಭೇದವಿರಲಿಲ್ಲ, ಆದರೆ ಎರಡು ದಿನದವರು ಕೆಲಸಕ್ಕೆ ತಪ್ಪಿಸಿಕೊಂಡ ದಿನಗಳು ಶೇಕಡಾ 45ರಷ್ಟು ಕಡಮೆ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ನಗರದ 186 ನೌಕರರ ಮೇಲೆ ನಡೆದ ಪರೀಕ್ಷೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮಲಗಿದವರಿಗಿಂತಲೂ, ನೋವಿನ ಭರದಲ್ಲಿಯೇ ವ್ಯಾಯಾಮಕ್ಕೆ ತೊಡಗಿದವರಿಗಿಂತಲೂ, ತಾಳಿಕೊಳ್ಳುವಷ್ಟರ ಮಟ್ಟಿಗೆ ನಿತ್ಯದ ಕೆಲಸಗಳನ್ನು ಮಾಡುತ್ತಿದ್ದವರೇ ಬೇಗ ಗುಣಹೊಂದಿದರು.

ಹೊಸ ನೋವಿಗೆ ಇದೇ ಸೂತ್ರ: ಓಡಾಡುತ್ತಿರಿ, ಬಿಸಿನೀರಿನ ಶಾಖ ಕೊಡಿ, ಭಾರ ಎತ್ತಬೇಡಿ. ಅಗತ್ಯವಾದರೆ ವೈದ್ಯರನ್ನು ಕೇಳಿ ಕೆಲವು ದಿನ ನೋವಿನ ಮಾತ್ರೆ ತೆಗೆದುಕೊಳ್ಳಿ. ಜಠರ, ಮೂತ್ರಪಿಂಡಗಳ ತೊಂದರೆಯುಳ್ಳವರು ತಾವಾಗಿಯೇ ನುಂಗಬಾರದು. ಅಫೀಮಿನ ಜಾತಿಯ ಮಾತ್ರೆಗಳು ಹೊಸ ಬೆನ್ನುನೋವು ಕತ್ತುನೋವುಗಳಿಗೆ ಬರಿಯ ಹುಸಿಮಾತ್ರೆಗಿಂತ ಹೆಚ್ಚು ಗುಣ ಕೊಡಲಿಲ್ಲವೆಂದು 2023ರ ಆಸ್ಟ್ರೇಲಿಯದ ಪರೀಕ್ಷೆಯೊಂದು ತೋರಿಸಿದೆ. ಮೂರು ತಿಂಗಳು ಮೀರಿದ ಸೊಂಟನೋವಿಗಾದರೋ ಕ್ರಮವಾದ ವ್ಯಾಯಾಮವೇ ಬೆನ್ನೆಲುಬು! ಸೊಂಟಪಟ್ಟಿ, ಭಾರ ಕಟ್ಟಿ ಎಳೆಯುವ ಟ್ರಾಕ್ಷನ್ ಇವುಗಳನ್ನು ಈ ಹಳೆಯ ನೋವಿಗೆ ಬಳಸಬೇಡಿರೆಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಕತ್ತುನೋವಿಗೂ ನ್ಯಾಯ ಒಂದೇ. 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 272 ಮಂದಿ ಭಾಗವಹಿಸಿದ್ದರು. ಮಾತ್ರೆಗಿಂತ ಹಸ್ತಚಿಕಿತ್ಸೆ ಹೆಚ್ಚು ಗುಣ ಕೊಟ್ಟಿತು; ಆದರೆ ಒಂದೆರಡು ಪಾಠಗಳಲ್ಲಿ ಕಲಿತು ಮನೆಯಲ್ಲಿಯೇ ಮಾಡಿದ ಸುಲಭ ವ್ಯಾಯಾಮವೂ ಅದಕ್ಕೆ ಸರಿದೊರೆಯಾಯಿತು. ತೋಳಿಗೆ ಹರಿಯುವ ನೋವಿದ್ದ 81 ಮಂದಿಯಲ್ಲಿ ಶಸ್ತ್ರಚಿಕಿತ್ಸೆ, ವ್ಯಾಯಾಮ, ಕತ್ತುಪಟ್ಟಿ ಈ ಮೂರನ್ನೂ ಸ್ವೀಡನ್ನಿನವರು ಹೋಲಿಸಿ 1997ರಲ್ಲಿ ಪ್ರಕಟಿಸಿದರು. ಮೊದಲ ನಾಲ್ಕು ತಿಂಗಳಲ್ಲಿ ಶಸ್ತ್ರ ಮುಂದು. ವರ್ಷಾಂತ್ಯಕ್ಕೆ ಮೂರೂ ಸಮ.

ತಡಮಾಡಬಾರದ ಲಕ್ಷಣಗಳು

ಕಾಯುವುದು ಒಳ್ಳೆಯದೆಂಬ ಮಾತು ಎಲ್ಲ ಕಾಲಕ್ಕೂ ಸಲ್ಲದು. ಮೂತ್ರ ಮಲಗಳ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿಕೊಂಡರೆ, ತೊಡೆಗಳ ಸಂದಿಯಲ್ಲಿ ಸ್ಪರ್ಶ ತಿಳಿಯದಂತಾದರೆ, ಕಾಲು ದಿನೇ ದಿನೇ ಬಲಗುಂದುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಧಾವಿಸಬೇಕು. ಇಲ್ಲಿ ಕತ್ತಿಯೇ ರಕ್ಷಕ. ತಡವಾದಷ್ಟೂ ನಷ್ಟ ಶಾಶ್ವತವಾದೀತು. ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುವುದು, ನಡೆಯುವಾಗ ಚಪ್ಪಲಿ ಅರಿವಿಲ್ಲದೆ ಕಾಲಿನಿಂದ ಜಾರುವುದು, ನಡಿಗೆ ತೂಗಾಡುವುದು ಇವು ಕತ್ತಿನಲ್ಲಿ ಬೆನ್ನುಹುರಿಯೇ ಒತ್ತಲ್ಪಟ್ಟಿರುವುದರ ಸೂಚನೆಗಳಾಗಿರಬಹುದು. ಜ್ವರ, ತೂಕದ ಇಳಿತ, ರಾತ್ರಿಯಲ್ಲಿ ಕಾಡುವ ನೋವು ಇವು ಕೂಡಿದ್ದರೆ ಕ್ಷಯವನ್ನು ಮರೆಯಬಾರದು. ಬೆನ್ನುಮೂಳೆಯ ಕ್ಷಯ ನಮ್ಮ ದೇಶದಲ್ಲಿ ಇನ್ನೂ ಉಂಟು, ಬೇಗ ಪತ್ತೆಯಾದರೆ ಬಹುಮಟ್ಟಿಗೆ ಔಷಧದಿಂದಲೇ ಗುಣವಾಗುತ್ತದೆ. ಅರ್ಬುದರೋಗಕ್ಕೆ ಹಿಂದೆ ಚಿಕಿತ್ಸೆ ಪಡೆದವರು, ಬಿದ್ದು ಪೆಟ್ಟು ಮಾಡಿಕೊಂಡ ವೃದ್ಧರು ಕೂಡಲೇ ತೋರಿಸಿಕೊಳ್ಳಬೇಕು.

ಈ ಲಕ್ಷಣಗಳಿಲ್ಲದಿದ್ದಲ್ಲಿ, ಶಸ್ತ್ರಚಿಕಿತ್ಸೆಯ ಸಲಹೆ ಬಂದಾಗ ವೈದ್ಯರನ್ನು ವಿನಯದಿಂದ ನಾಲ್ಕು ಮಾತು ಕೇಳುವುದರಲ್ಲಿ ಸಂಕೋಚ ಬೇಡ. ನನ್ನ ನೋವು ನರದ್ದೋ, ಬರಿಯ ಬೆನ್ನಿನದ್ದೋ? ಆರು ವಾರ ಕಾದರೆ ಆಗುವ ಹಾನಿ ಏನು? ಶಸ್ತ್ರದಿಂದ ಯಾವ ನೋವು ಹೋಗುತ್ತದೆ, ಯಾವುದು ಉಳಿಯಬಹುದು? ಬೇರೆ ದಾರಿಗಳನ್ನು ಪೂರ್ತಿಯಾಗಿ ಪ್ರಯತ್ನಿಸಿದ್ದಾಯಿತೇ? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಿದರೂ ತಪ್ಪಲ್ಲ.

ಕತ್ತಿ, ಕೈ, ಕಾಲ ಈ ಮೂರಕ್ಕೂ ತಮ್ಮ ತಮ್ಮ ಸ್ಥಾನವುಂಟು. ನರ ಸಾಯುತ್ತಿರುವಲ್ಲಿ ಕತ್ತಿಗೆ ಅಂಜಬಾರದು; ಉಳಿದೆಡೆ ಅದಕ್ಕಾಗಿ ಅವಸರಪಡಬಾರದು. ಬೆನ್ನುನೋವಿನವರು ಮನೆಯಲ್ಲಿದ್ದರೆ ಹಾಸಿಗೆ ಹಾಸಿಕೊಡುವುದಕ್ಕಿಂತ, ಸಂಜೆ ಅವರ ಜೊತೆಗೆ ಬೀದಿಯ ಕೊನೆಯವರೆಗೆ ನಡೆದು ಬರುವುದೇ ಮೇಲಾದ ಶುಶ್ರೂಷೆ.