ಅಕ್ಷರ ಮೊದಲು, ವೇಗ ಆಮೇಲೆ

ಮೊದಲು ಈ ಸಾಲನ್ನು ಓದಿ: "ಬೆಂಳೂಗರು ಕಟರ್ನಾಕದ ರಾಧಾಜನಿ." ಓದಿದ್ರಲ್ವಾ? ಅಕ್ಷರಗಳು ಅದಲು ಬದಲಾಗಿವೆ, ಆದರೂ ಅರ್ಥ ಸಿಕ್ಕಿಬಿಡ್ತು. ಇಂಥದ್ದೇ ಒಂದು ಇಂಗ್ಲಿಷ್ ಮೆಸೇಜ್ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಪದದ ಮೊದಲ ಮತ್ತು ಕೊನೆಯ ಅಕ್ಷರ ಸರಿ ಇದ್ದರೆ ಸಾಕು, ಮಧ್ಯದ್ದು ಹೇಗಿದ್ದರೂ ಮೆದುಳು ಓದಿಕೊಳ್ಳುತ್ತೆ, ಇದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧನೆ ಅಂತ ಅದರಲ್ಲಿ ಬರೆದಿರುತ್ತೆ.

ಈ ಮೆಸೇಜ್ 2003ರಲ್ಲಿ ಇ-ಮೇಲ್ ಮೂಲಕ ಜಗತ್ತು ಸುತ್ತಿತು. ಆಗ ಕೇಂಬ್ರಿಡ್ಜ್‌ನಲ್ಲೇ ಭಾಷೆ ಮತ್ತು ಮೆದುಳಿನ ಬಗ್ಗೆ ಕೆಲಸ ಮಾಡುತ್ತಿದ್ದ ವಿಜ್ಞಾನಿ ಮ್ಯಾಟ್ ಡೇವಿಸ್, ಇಲ್ಲಿ ಅಂಥ ಸಂಶೋಧನೆ ಯಾರೂ ಮಾಡಿದ್ದು ನನಗೆ ಗೊತ್ತಿಲ್ಲ ಅಂತ ಸ್ಪಷ್ಟವಾಗಿ ಬರೆದರು. ಮೂರು ವರ್ಷದ ನಂತರ, 2006ರಲ್ಲಿ, ಕೀತ್ ರೇನರ್ ಮತ್ತು ಸಂಗಡಿಗರು ಇದನ್ನು ಪರೀಕ್ಷೆಗೇ ಒಡ್ಡಿದರು. ಸರಿಯಾದ ಇಂಗ್ಲಿಷ್ ವಾಕ್ಯಗಳನ್ನು ನಿಮಿಷಕ್ಕೆ 255 ಪದದಂತೆ ಓದುತ್ತಿದ್ದವರು, ಪದದ ಮಧ್ಯದ ಅಕ್ಷರ ಅದಲು ಬದಲಾದಾಗ 227ಕ್ಕೆ ಇಳಿದರು. ಪದದ ಆರಂಭವನ್ನೇ ಕೆಡಿಸಿದಾಗ 163ಕ್ಕೆ ಬಿದ್ದರು. ಅಂದರೆ ಓದಬಹುದು, ನಿಜ. ಆದರೆ ಅದು ಪುಕ್ಕಟೆ ಅಲ್ಲ.

ನನ್ನ ವಾದ ಇಷ್ಟೇ. ನಾವು ಪದವನ್ನು ಊಹೆ ಮಾಡಿ ಓದೋದಿಲ್ಲ, ಅಕ್ಷರಗಳನ್ನು ನೋಡಿಯೇ ಓದುತ್ತೀವಿ. ಎಷ್ಟು ಬೇಗ ನೋಡುತ್ತೀವಿ ಅಂದರೆ, ನೋಡಿದ್ದು ನಮಗೇ ಗೊತ್ತಾಗೋದಿಲ್ಲ.

ಓದುವಾಗ ನಿಮ್ಮ ಕಣ್ಣು ಸಾಲಿನ ಮೇಲೆ ಜಾರುತ್ತಾ ಹೋಗುತ್ತೆ ಅಂದುಕೊಂಡಿದ್ದೀರಾ? ಇಲ್ಲ, ಅದು ಕುಪ್ಪಳಿಸುತ್ತೆ. ಒಂದು ಕಡೆ ಸೆಕೆಂಡಿನ ಕಾಲು ಭಾಗದಷ್ಟು ನಿಲ್ಲುತ್ತೆ, ಮುಂದಕ್ಕೆ ಹಾರುತ್ತೆ, ಮತ್ತೆ ನಿಲ್ಲುತ್ತೆ. ಹಾರುವಾಗ ಅಕ್ಷರ ಕಾಣೋದಿಲ್ಲ, ಓದು ನಡೆಯೋದೆಲ್ಲ ನಿಂತಾಗಲೇ. ನಾನು ಟೆಲಿಪ್ರಾಂಪ್ಟರ್ ನೋಡಿ ಸುದ್ದಿ ಓದುವಾಗಲೂ ಅಷ್ಟೇ. ಬಾಯಿ ಒಂದು ಪದ ಹೇಳುತ್ತಿರುತ್ತೆ, ಕಣ್ಣು ಆಗಲೇ ಮುಂದಿನ ಪದಗಳ ಮೇಲಿರುತ್ತೆ. ನೀವೂ ಜೋರಾಗಿ ಓದಿ ನೋಡಿ, ಹೀಗೇ ಆಗುತ್ತೆ.

ಹಾಗಾದರೆ ಆ ಕಾಲು ಸೆಕೆಂಡಿನಲ್ಲಿ ಇಡೀ ಪದ ಹೇಗೆ ಸಿಗುತ್ತೆ? ನಾನು ಓದಿದ್ದು ಇಂಜಿನಿಯರಿಂಗ್. ಅಲ್ಲಿ ಸೀರಿಯಲ್, ಪ್ಯಾರಲಲ್ ಅಂತ ಎರಡು ವಿಧಾನ ಹೇಳಿಕೊಡುತ್ತಾರೆ. ಟಿವಿ ಸೀರಿಯಲ್ ಅಲ್ಲ! ಒಂದಾದ ಮೇಲೆ ಒಂದು ಕೆಲಸ ಮಾಡಿದರೆ ಸೀರಿಯಲ್, ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಪ್ಯಾರಲಲ್. ಕಲಿಯುವ ಮಗು ಅ-ರ-ಸ ಅಂತ ಸಾಲಾಗಿ ಕೂಡಿಸುತ್ತೆ. ಪಳಗಿದ ಕಣ್ಣಿಗೆ ಎಲ್ಲ ಅಕ್ಷರಗಳೂ ಹೆಚ್ಚುಕಡಿಮೆ ಒಟ್ಟಿಗೇ ಒಳಗೆ ಹೋಗುತ್ತವೆ. 1969ರಲ್ಲಿ ಜೆರಾಲ್ಡ್ ರೈಕರ್ ಎಂಬ ಮನಶ್ಶಾಸ್ತ್ರಜ್ಞ ಇನ್ನೊಂದು ವಿಚಿತ್ರ ತೋರಿಸಿದರು. ಕ್ಷಣಮಾತ್ರ ಮಿಂಚಿ ಮಾಯವಾಗುವ ಅಕ್ಷರವನ್ನು, ಅದು ಒಂಟಿಯಾಗಿ ಇದ್ದಾಗ ಗುರುತಿಸುವುದಕ್ಕಿಂತ ಪರಿಚಿತ ಪದದೊಳಗೆ ಇದ್ದಾಗ ಜನ ಚೆನ್ನಾಗಿ ಗುರುತಿಸುತ್ತಾರೆ. ಅಕ್ಷರ ಪದಕ್ಕೆ ಆಸರೆ, ಪದ ಅಕ್ಷರಕ್ಕೆ ಆಸರೆ.

ಈ ಕೆಲಸಕ್ಕೆ ಮೆದುಳಿನಲ್ಲಿ ಒಂದು ಜಾಗವೇ ಇದೆ. 1892ರಲ್ಲಿ ಫ್ರಾನ್ಸ್‌ನ ವೈದ್ಯ ಜೂಲ್ ಡೆಜೆರಿನ್ ಒಬ್ಬ ರೋಗಿಯ ಬಗ್ಗೆ ಬರೆದರು. ಪಾರ್ಶ್ವವಾಯುವಿನ ನಂತರ ಆತನಿಗೆ ಮಾತು ಸರಿ ಇತ್ತು, ಬರೆಯೋಕೂ ಬರುತ್ತಿತ್ತು. ಆದರೆ ತಾನೇ ಬರೆದದ್ದನ್ನು ಓದೋಕೆ ಆಗುತ್ತಿರಲಿಲ್ಲ! ಇವತ್ತು ಸ್ಟಾನಿಸ್ಲಾಸ್ ಡಹಾನ್, ಲಾರಾಂ ಕೊಹೆನ್ ಮುಂತಾದ ವಿಜ್ಞಾನಿಗಳು ಸ್ಕ್ಯಾನ್ ಮಾಡಿ, ಮೆದುಳಿನ ಎಡಭಾಗದ ಹಿಂದೆ, ಕೆಳಗೆ ಇರುವ ಆ ಜಾಗವನ್ನು ಗುರುತಿಸಿದ್ದಾರೆ. ಬರವಣಿಗೆ ಹುಟ್ಟಿ ಐದು ಸಾವಿರ ವರ್ಷ ಆಗಿದೆ ಅಷ್ಟೇ. ಹಾಗಾಗಿ ಹುಟ್ಟುವಾಗಲೇ ಓದುವ ಯಂತ್ರ ಇಟ್ಟುಕೊಂಡು ಯಾರೂ ಬರೋದಿಲ್ಲ. ಮುಖ, ವಸ್ತುಗಳನ್ನು ಗುರುತಿಸುವ ಜಾಗದಲ್ಲೇ ಒಂದು ಮೂಲೆಯನ್ನು ಓದು ತನಗಾಗಿ ಪಳಗಿಸಿಕೊಳ್ಳುತ್ತೆ.

ಈಗ ನಮ್ಮ ಕನ್ನಡಕ್ಕೆ ಬನ್ನಿ. ಇಂಗ್ಲಿಷ್ ಮಗುವಿಗೆ 26 ಅಕ್ಷರ. ನಮ್ಮ ಮಗುವಿಗೆ ವರ್ಣಮಾಲೆಯೇ 49. ಕಾಗುಣಿತ, ಒತ್ತಕ್ಷರ ಸೇರಿದರೆ ನೂರಾರು ರೂಪ. ಒಂದು ಸಣ್ಣ ಗುರುತು ಬಿಟ್ಟರೆ ಕತೆ ಮುಗೀತು. ಒಂದು ಏತ್ವ ಬಂದರೆ ಹಣ ಹೆಣ ಆಗುತ್ತೆ. ಒಂದು ಒತ್ವ ಬಿದ್ದರೆ ಕೊಲೆ ಸುದ್ದಿ ಕಲೆ ಸುದ್ದಿ ಆಗಿಬಿಡುತ್ತೆ! ಮೊದಲ, ಕೊನೆಯ ಅಕ್ಷರ ನೋಡಿ ಊಹೆ ಮಾಡು ಅಂದರೆ ಇಲ್ಲಿ ನಡೆಯೋದಿಲ್ಲ. ಕನ್ನಡ ಓದುವ ಮಕ್ಕಳ ಬಗ್ಗೆ ಸೋನಾಲಿ ನಾಗ್ ಅವರು ಮಾಡಿದ ಅಧ್ಯಯನ ಹೇಳುವುದೂ ಇದನ್ನೇ. ಅಕ್ಷರಗಳೆಲ್ಲ ಕೈವಶವಾಗಲು ಒಂದು ವರ್ಷ ಸಾಲದು, ಮೂರ್ನಾಲ್ಕು ವರ್ಷ ಹಿಡಿಯುತ್ತೆ.

ಆದರೆ ನಮ್ಮ ಮನೆಗಳಲ್ಲಿ ಏನು ನಡೆಯುತ್ತಿದೆ? ಎರಡನೇ ಕ್ಲಾಸಿನ ಮಗು ತಡವರಿಸಿದರೆ "ಇವನಿಗೆ ಕನ್ನಡ ಬರಲ್ಲ" ಅಂತ ತೀರ್ಪು ಕೊಟ್ಟುಬಿಡುತ್ತೀವಿ. ಮಗುವಿನ ಶಕ್ತಿಯೆಲ್ಲ ಒತ್ತು, ದೀರ್ಘ ಬಿಡಿಸೋದಕ್ಕೇ ಖರ್ಚಾಗುತ್ತಿರುತ್ತೆ. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಆರಂಭ ಮರೆತುಹೋಗಿರುತ್ತೆ. ಅದು ದಡ್ಡತನ ಅಲ್ಲ ಸ್ವಾಮಿ, ಅಭ್ಯಾಸದ ಕೊರತೆ. ಅದೇ ಪದ ಹತ್ತು ಕಡೆ, ನೂರು ಕಡೆ ಕಂಡಾಗ ಮಾತ್ರ ಬಿಡಿಸುವ ಕೆಲಸ ತಾನಾಗೇ ಆಗುತ್ತೆ, ಅರ್ಥಕ್ಕೆ ತಲೆಯಲ್ಲಿ ಜಾಗ ಸಿಗುತ್ತೆ. ಅದಕ್ಕೇ ಹೇಳೋದು, ಮಗು ಒಂದೇ ಕತೆ ಪುಸ್ತಕವನ್ನು ಹತ್ತನೇ ಸಲ ತಂದರೆ ಕಿತ್ತಿಡಬೇಡಿ. ಬೆರಳಿಟ್ಟು ಓದಿದರೆ ಓದಲಿ. ಪಕ್ಕದಲ್ಲಿ ಕೂತು ನೀವೂ ಓದಿ.

ಇನ್ನೊಂದು ಮಾತು, ಇದು ದೊಡ್ಡವರಿಗೆ. ಡಹಾನ್ ಅವರ ತಂಡ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬ್ರೆಜಿಲ್ ಮತ್ತು ಪೋರ್ಚುಗಲ್‌ನ ಜನರ ಮೆದುಳನ್ನು ನೋಡಿದರು. ಚಿಕ್ಕಂದಿನಲ್ಲಿ ಶಾಲೆಗೆ ಹೋಗದೆ, ದೊಡ್ಡವರಾದ ಮೇಲೆ ಓದು ಕಲಿತವರಲ್ಲೂ ಆ ಮೂಲೆ ಅಕ್ಷರಗಳಿಗೆ ಸ್ಪಂದಿಸುತ್ತಿತ್ತು. ನಿಮ್ಮ ಮನೆಯಲ್ಲಿ ಬಸ್ಸಿನ ಬೋರ್ಡ್ ಓದೋಕೆ ಬೇರೆಯವರನ್ನು ಕೇಳುವ ಅಮ್ಮ ಇದ್ದಾರಾ, ಅಜ್ಜಿ ಇದ್ದಾರಾ? ಈ ವಯಸ್ಸಿಗೆ ಯಾಕೆ ಅನ್ನಬೇಡಿ. ಟಿವಿ ಪರದೆಯ ಕೆಳಗೆ ಓಡುವ ಸಾಲು ಅವರಿಗೆ ವೇಗ ಜಾಸ್ತಿ, ಒಪ್ಪೋಣ. ಪೇಪರ್‌ನ ಹೆಡ್‌ಲೈನ್ ನಿಂತೇ ಇರುತ್ತೆ. ಅಲ್ಲಿಂದ ಶುರು ಮಾಡಿಸಿ.