‘ಅಲ್ಗಾರಿದಮ್’: ನಮ್ಮ ಉಚ್ಚಾರಣೆ ತಪ್ಪೇ?

ಕನ್ನಡ ಮಾಧ್ಯಮದಲ್ಲಿ ಓದಿ ಕಂಪ್ಯೂಟರ್ ಸೈನ್ಸ್ ಸೇರಿದ ಮಕ್ಕಳು, ಯಾರಾದರೂ ನಕ್ಕಾರೆಂದು ಹೆದರಿ ತರಗತಿಯಲ್ಲಿ ಪ್ರಶ್ನೆ ಕೇಳುವುದನ್ನೇ ಬಿಡುವುದುಂಟು. ‘ಅಲ್ಗಾರಿದಮ್’ ಅಂತಹ ಒಂದು ಪದ. ನಾವು ಹೇಳುವ ರೀತಿ ತಪ್ಪೇ? ಪದವನ್ನು ಬಿಡಿಸಿ ನೋಡೋಣ.

ಉಸಿರಿನ ಲೆಕ್ಕ

ಅಲ್-ಗಾ-ರಿ-ದಮ್: ನಾಲ್ಕು ಉಚ್ಚಾರಾಂಶಗಳು. ‘ಕ-ವ-ಲಂ-ದೆ’ಯಲ್ಲೂ ನಾಲ್ಕೇ. ಆದರೆ ಶಾಲೆಯಲ್ಲಿ ಕಲಿತ ಲಘು-ಗುರು ಹಾಕಿದರೆ ಕವಲಂದೆಗೆ 5 ಮಾತ್ರೆ, ಅಲ್ಗಾರಿದಮ್‌ಗೆ 7. ಕನ್ನಡದ ಕಿವಿ ಹಿಡಿಯುವುದು ಈ ಉದ್ದವನ್ನೇ. ‘ಬಳೆ’ಯನ್ನು ಎಳೆದರೆ ‘ಬಾಳೆ’ಯಾಗುತ್ತದೆ.

ಇಂಗ್ಲಿಷ್ ಒತ್ತನ್ನು ನೋಡುತ್ತದೆ. ಇದು ಒತ್ತಕ್ಷರವಲ್ಲ, ದನಿಯ ಬಲ. ‘ರೆಕಾರ್ಡ್’ ಪದದ ಮೊದಲ ಭಾಗವನ್ನು ಒತ್ತಿದರೆ ನಾಮಪದ, ಎರಡನೆಯದನ್ನು ಒತ್ತಿದರೆ ಕ್ರಿಯಾಪದ. ಅಲ್ಗಾರಿದಮ್‌ನಲ್ಲಿ ಒತ್ತು ಮೊದಲ ‘ಅಲ್’ ಮೇಲೆ ಬೀಳುತ್ತದೆ. ಎರಡನೆಯ ಭಾಗ ಸಣ್ಣ ‘ಗ’ ಆಗಿ ಕುಗ್ಗುತ್ತದೆ. ನಾವು ಅದನ್ನೇ ‘ಗಾ’ ಎಂದು ಎಳೆಯುತ್ತೇವೆ. ‘ಬಸ್ಸು’, ‘ಪೆನ್ನು’ಗಳ ಹಾಗೆ ಕೊನೆಗೆ ‘ಉ’ ಸೇರಿ ‘ಅಲ್ಗಾರಿದಮ್ಮು’ ಆದರೆ ಉಚ್ಚಾರಾಂಶ ಐದಾಗುತ್ತದೆ. ಇದು ಅಜ್ಞಾನವಲ್ಲ, ಕನ್ನಡದ ನಿಯಮ.

‘ರಿದಮ್’ಗೂ ಇದಕ್ಕೂ ನಂಟಿದೆಯೇ?

ಇಲ್ಲ. ತಾಳ-ಲಯದ ‘ರಿದಮ್’ ಬೇರೆ ಪದ. ಇದು ಒಬ್ಬರ ಹೆಸರು. 9ನೇ ಶತಮಾನದಲ್ಲಿ ಬಾಗ್ದಾದ್‌ನಲ್ಲಿದ್ದ ಗಣಿತಜ್ಞ ಮುಹಮ್ಮದ್ ಇಬ್ನ್ ಮೂಸಾ ಅಲ್-ಖ್ವಾರಿಜ್ಮಿ, ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ಬಗ್ಗೆ ಪುಸ್ತಕ ಬರೆದರು. ‘ಖ್ವಾರಿಜ್ಮ್’ ಮಧ್ಯ ಏಷ್ಯಾದ ಒಂದು ಪ್ರದೇಶ; ಕೊನೆಯ ‘ಇ’ ಎಂದರೆ ‘ಅಲ್ಲಿಯವರು’. ನಾವು ‘ಕವಲಂದೆಯವರು’ ಎನ್ನುವಂತೆಯೇ. ಲ್ಯಾಟಿನ್ನಿಗೆ ಹೋದಾಗ ಹೆಸರು ‘ಅಲ್ಗೋರಿಸ್ಮಿ’ ಆಯಿತು. ಮುಂದೆ ‘ಸಂಖ್ಯೆ’ ಎಂಬರ್ಥದ ಗ್ರೀಕ್ ಪದ ‘ಅರಿತ್ಮೋಸ್’ನ ಪ್ರಭಾವದಿಂದ ‘ಸ್’ ಇದ್ದ ಜಾಗಕ್ಕೆ ‘ದ’ ಬಂತು.

‘ಲಾಗರಿದಮ್’ ಕೂಡ ಇದರ ಸೋದರನಲ್ಲ. ಜಾನ್ ನೇಪಿಯರ್ 1614ರಲ್ಲಿ ಬಳಕೆಗೆ ತಂದ ಆ ಪದದ ಎರಡೂ ಭಾಗಗಳು ಗ್ರೀಕಿನವು.

ಹಾಗಾದರೆ ಏನು ಮಾಡಬೇಕು?

ಇಂಗ್ಲಿಷಿನಲ್ಲಿ, ಅದರಲ್ಲೂ ಹೊರದೇಶದವರೊಡನೆ ಮಾತಾಡುವಾಗ ‘ಅಲ್’ ಮೇಲೆ ಒತ್ತು ಹಾಕಿ, ‘ಗ’ವನ್ನು ಎಳೆಯದಿರಿ, ಕೇಳುವವರಿಗೆ ಬೇಗ ತಿಳಿಯುತ್ತದೆ. ಕನ್ನಡದಲ್ಲಿ ‘ಅಲ್ಗಾರಿದಮ್ಮು’ ಎಂದರೂ ಅಡ್ಡಿಯಿಲ್ಲ. ಅರಬ್ಬಿಯಿಂದ ಲ್ಯಾಟಿನ್, ಅಲ್ಲಿಂದ ಇಂಗ್ಲಿಷ್ ದಾಟಿ ಬಂದ ಈ ಪದವನ್ನು ಪ್ರತಿ ಭಾಷೆಯೂ ತನ್ನ ನಾಲಿಗೆಗೆ ಒಗ್ಗಿಸಿಕೊಂಡಿದೆ. ಹಂತಹಂತವಾಗಿ ಲೆಕ್ಕ ಬಿಡಿಸುವ ಕ್ರಮ ಎಂಬ ಅರ್ಥ ಗೊತ್ತಿದ್ದರೆ, ಧೈರ್ಯವಾಗಿ ಕೈ ಎತ್ತಿ ಪ್ರಶ್ನೆ ಕೇಳಿ.