ಎರೆಯ ಕೆಸರಿಗೆ ಎಂಥ ಟೈರು?

ರೋಣ, ನರಗುಂದ ತಾಲ್ಲೂಕುಗಳ ಎರೆಹೊಲಗಳಲ್ಲಿ ಮಳೆ ಬಿದ್ದ ಮರುದಿನ ನಡೆಯುವವರು ಮೆಟ್ಟುಗಳನ್ನು ಕೈಯಲ್ಲಿ ಹಿಡಿದುಕೊಳ್ಳುವುದುಂಟು. ನಾಲ್ಕು ಹೆಜ್ಜೆ ಇಡುವುದರೊಳಗಾಗಿ ಅಡಿಗೆ ಮಣ್ಣು ಮೆತ್ತಿಕೊಂಡು ಕಾಲೆತ್ತುವುದೇ ಕಷ್ಟವಾಗುವುದು. ಜೀಪಿನ ಗಾಲಿಗೂ ಇದೇ ಗತಿ. ಹೊಲದ ದಾರಿಯಲ್ಲಿ ರೋಗಿಯನ್ನು ಸಾಗಿಸುತ್ತಿರುವಾಗ ಗಾಲಿ ಹೂತುಹೋದರೆ ಒದಗುವ ಕಷ್ಟ ಅಲ್ಪವಾದುದಲ್ಲ. ಆದುದರಿಂದಲೇ ಅಂಗಡಿಗಳಲ್ಲಿ ‘ಮಡ್ ಟೆರೇನ್’ ಎಂಬ ಹೆಸರಿನಿಂದ ಮಾರುವ ದಪ್ಪ ಹಲ್ಲುಗಳ ಟೈರುಗಳತ್ತ ವಾಹನದ ಒಡೆಯರ ಮನಸ್ಸು ಹರಿಯುವುದು. ಇವು ಎಲ್ಲಿ ಉಪಯುಕ್ತ, ಎಲ್ಲಿ ಅಲ್ಲ ಎಂಬುದನ್ನು ಪರಿಶೀಲಿಸೋಣ.

ಮೊದಲು ಮಣ್ಣಿನ ಗುಣವನ್ನು ತಿಳಿಯಬೇಕು. ಎರೆಯ ಜೇಡಿಯಲ್ಲಿ ಮಾಂಟ್‌ಮೊರಿಲ್ಲೊನೈಟ್ ಗುಂಪಿನ ಖನಿಜಗಳು ಹೇರಳವಾಗಿವೆ. ಇವುಗಳ ರಚನೆ ಪುಸ್ತಕದ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದಂತೆ ಇರುವುದು. ಹಾಳೆಗಳ ನಡುವೆ ನೀರು ಸೇರಿದಾಗ ಮಣ್ಣು ಉಬ್ಬುವುದು. ಬೇಸಗೆಯಲ್ಲಿ ನೀರು ಆರಿದಾಗ ಕುಗ್ಗಿ ಬಿರುಕು ಬಿಡುವುದು. ನೀರುಂಡ ಜೇಡಿಯ ಕಣಗಳು ಒಂದರ ಮೇಲೊಂದು ಸುಲಭವಾಗಿ ಜಾರುವುವು. ಆದರೂ ರಬ್ಬರಿಗೆ ಬಲವಾಗಿ ಅಂಟಿಕೊಳ್ಳುವುವು.

ಗಾಲಿ ಮುಂದೆ ಸಾಗಬೇಕಾದರೆ ಅದು ಮಣ್ಣನ್ನು ಹಿಂದಕ್ಕೆ ನೂಕಬೇಕು. ಮಣ್ಣು ಆ ನೂಕನ್ನು ತಡೆದು ನಿಲ್ಲಬೇಕು. ವಿದ್ಯುತ್ತಿನ ನಿಯಮದಿಂದ ನಮಗೆ ಪರಿಚಿತನಾದ ಕೂಲಂಬನು 1773ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಗೆ ಒಪ್ಪಿಸಿದ ಪ್ರಬಂಧದಲ್ಲಿ, ಮಣ್ಣಿನ ಈ ಬಲಕ್ಕೆ ಎರಡು ಮೂಲಗಳಿವೆಯೆಂದು ತೋರಿಸಿದನು. ಒಂದು, ಕಣಗಳ ಪರಸ್ಪರ ಅಂಟು. ಇನ್ನೊಂದು, ಅವುಗಳ ನಡುವಣ ಘರ್ಷಣೆ. ಘರ್ಷಣೆ ಮೇಲಿನ ಭಾರದೊಡನೆ ಹೆಚ್ಚುವುದು. ಅಂಟು ಹಾಗೆ ಹೆಚ್ಚುವುದಿಲ್ಲ. ಮರಳಿನಲ್ಲಿಯೂ ಗರಸಿನಲ್ಲಿಯೂ ಘರ್ಷಣೆಯೇ ಪ್ರಧಾನ. ಚೆನ್ನಾಗಿ ನೆನೆದ ಎರೆಯಲ್ಲಿಯಾದರೋ ಅಂಟಿನ ಬಲವಷ್ಟೇ ಉಳಿಯುವುದು. ಹಿಡಿತ ಬರಲೆಂದು ವಾಹನದಲ್ಲಿ ಕಲ್ಲು ಹೇರಿದರೆ ಗರಸಿನಲ್ಲಿ ಪ್ರಯೋಜನವಾದೀತು. ಎರೆಯಲ್ಲಿ ಗಾಲಿ ಮತ್ತಷ್ಟು ಹೂಳುವುದಷ್ಟೇ ಫಲ.

ಹಾಗಾದರೆ ಎರೆಯಲ್ಲಿ ಬೇಕಾದುದು ಭಾರವಲ್ಲ, ನೆಲವನ್ನು ಮುಟ್ಟುವ ವಿಸ್ತೀರ್ಣ. ಒಂದು ಗಾಲಿಯ ಮೇಲೆ 1,000 ಪೌಂಡು ಭಾರವಿದೆಯೆಂದೂ ಟೈರಿನಲ್ಲಿ ಚದರ ಅಂಗುಲಕ್ಕೆ 32 ಪೌಂಡು ಗಾಳಿಯಿದೆಯೆಂದೂ ಭಾವಿಸೋಣ. ಟೈರಿನ ಬಿಗುವನ್ನು ಲೆಕ್ಕಿಸದಿದ್ದರೆ ನೆಲವನ್ನು ಮುಟ್ಟುವ ಭಾಗ ಸುಮಾರು 31 ಚದರ ಅಂಗುಲ. ಗಾಳಿಯನ್ನು 18 ಪೌಂಡಿಗೆ ಇಳಿಸಿದರೆ ಅದು ಸುಮಾರು 56 ಚದರ ಅಂಗುಲವಾಗುವುದು. ಹೊಸ ಟೈರಿಗೆ ಹಣ ತೆರುವ ಮೊದಲೇ ದೊರೆಯುವ ಲಾಭವಿದು. ಆದರೆ ಗಾಳಿ ಕಡಿಮೆಯಿರುವಾಗ ಮೆಲ್ಲನೆ ನಡೆಸಬೇಕು. ಡಾಂಬರು ರಸ್ತೆಗೆ ಬಂದೊಡನೆ ಮತ್ತೆ ತುಂಬಿಸಬೇಕು. ಇಲ್ಲವಾದರೆ ಟೈರು ಕಾದು ಕೆಡುವುದು, ಚಕ್ರದಿಂದ ಕಳಚಲೂಬಹುದು.

ಇನ್ನು ಹಲ್ಲುಗಳ ವಿಚಾರ. ಹಲ್ಲುಗಳ ಸಂದುಗಳಲ್ಲಿ ಎರೆ ತುಂಬಿಕೊಂಡರೆ ಎಂಥ ಟೈರೂ ನುಣ್ಣನೆಯ ಉರುಳೆಯಾಗುವುದು. ಸಂದುಗಳು ಅಗಲವಾಗಿದ್ದು, ಗಾಲಿ ತಿರುಗುವಾಗ ಮಣ್ಣು ಸಿಡಿದುಹೋಗಬೇಕು. ಗಾಲಿಯ ತ್ರಿಜ್ಯ 37 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಗಂಟೆಗೆ 5 ಕಿಲೋಮೀಟರಿಗೆ ಸರಿಯಾದ ತಿರುಗಿನಲ್ಲಿ ಮಣ್ಣನ್ನು ಹೊರಕ್ಕೆಸೆಯುವ ಬಲ ಆ ಮಣ್ಣಿನ ತೂಕದ ಅರ್ಧದಷ್ಟು ಮಾತ್ರ. 20 ಕಿಲೋಮೀಟರಿಗೆ ಸರಿಯಾದ ತಿರುಗಿನಲ್ಲಿ ಎಂಟೂವರೆ ಪಟ್ಟು. ವೇಗ ನಾಲ್ಕು ಪಟ್ಟಾದರೆ ಬಲ ಹದಿನಾರು ಪಟ್ಟಾಗುವುದಷ್ಟೆ. ಆದರೆ ವಾಹನ ನಿಂತಲ್ಲೇ ನಿಂತು ಗಾಲಿ ಮಾತ್ರ ತಿರುಗತೊಡಗಿದರೆ ಅದು ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುವುದು.

ಟೈರಿನ ಅಗಲವನ್ನು ನಿರ್ಧರಿಸುವುದು ಕೆಸರಿನ ಕೆಳಗಿರುವ ನೆಲ. ಗಜೇಂದ್ರಗಡದ ಗುಡ್ಡಗಳ ಮಗ್ಗುಲಿನ ಮಸಾರಿ ನೆಲದಲ್ಲಿ ಮೇಲಿನ ಕೆಸರು ತೆಳುವಾಗಿದ್ದು ಅಡಿಯಲ್ಲಿ ಗರಸು ಸಿಕ್ಕುವೆಡೆ, ಕಿರಿದಾದ ಟೈರು ಕೆಸರನ್ನು ಸೀಳಿ ಗಟ್ಟಿ ನೆಲವನ್ನು ಮುಟ್ಟುವುದು. ಎರಡನೆಯ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿನ ಟೈರು 6 ಅಂಗುಲ ಅಗಲದ್ದಾಗಿದ್ದಿತು. ಆಳವಾದ ಎರೆಯಲ್ಲಿ ಇಂಥ ಟೈರು ಗಟ್ಟಿ ನೆಲವನ್ನು ಕಾಣದೆ ಅಚ್ಚಿನವರೆಗೂ ಇಳಿದೀತು. ಅಲ್ಲಿ ಅಗಲವಾದ ಟೈರೇ ಮೇಲು.

ಕೊನೆಯದಾಗಿ ಡಾಂಬರು ರಸ್ತೆ. ಸಂದು ಅಗಲವಾದಷ್ಟೂ ರಸ್ತೆಯನ್ನು ಮುಟ್ಟುವ ರಬ್ಬರು ಕಡಿಮೆ. ಒದ್ದೆ ರಸ್ತೆಯಲ್ಲಿ ಬ್ರೇಕು ಒತ್ತಿದಾಗ ಇಂಥ ಟೈರಿನ ವಾಹನ ಸಾಮಾನ್ಯವಾಗಿ ಹೆಚ್ಚು ದೂರ ಸಾಗಿ ನಿಲ್ಲುವುದು. ಸದ್ದೂ ಇಂಧನದ ವೆಚ್ಚವೂ ಹೆಚ್ಚುವುವು. ಕೆಸರಿಗಿಂತ ಇದೇ ಹೆಚ್ಚಿನ ಅಪಾಯ. ಆದುದರಿಂದ ವರ್ಷದಲ್ಲಿ ಎಷ್ಟು ದಿನ ವಾಹನವನ್ನು ಕೆಸರಿನಲ್ಲಿ ಓಡಿಸುವೆವೆಂಬುದನ್ನು ಎಣಿಸಿ ನೋಡಬೇಕು. ಬಹುಪಾಲು ರೋಣ–ಗಜೇಂದ್ರಗಡದಂಥ ರಸ್ತೆಯಲ್ಲಿಯೇ ಓಡುವ ಜೀಪಿಗೆ ‘ಆಲ್ ಟೆರೇನ್’ ಎಂಬ ಮಧ್ಯಮ ಬಗೆಯ ಟೈರು, ಗಾಳಿ ಅಳೆಯುವ ಮಾಪಕ, ಗಾಳಿ ತುಂಬುವ ಪಂಪು – ಇಷ್ಟು ಸಾಕು. ದಿನವೂ ಹೊಲದ ದಾರಿಯನ್ನೇ ತುಳಿಯುವ ವಾಹನಕ್ಕೆ ದಪ್ಪ ಹಲ್ಲಿನ ಟೈರು ತಕ್ಕುದು. ಎರೆ ಪೂರ್ತಿ ನೆನೆದ ದಿನ ಯಾವ ಟೈರನ್ನೂ ನಂಬುವಂತಿಲ್ಲ. ಅಂದು ವಾಹನ ಹಾಯಿಸಿದರೆ ಹೊಲದ ಮಣ್ಣೂ ಒತ್ತಿ ಗಟ್ಟಿಯಾಗಿ ಬೆಳೆಗೆ ಕೇಡಾಗುವುದು. ಬಿತ್ತಲು ಹದ ಕಾಯುವಂತೆ, ಗಾಲಿ ಇಳಿಸಲೂ ಹದ ಕಾಯುವುದು ಒಳ್ಳೆಯದು.